ಇಟ್ಟ ಹೆಜ್ಜೆ, ಮೂಡಿದ ಹೆಜ್ಜೆ

ಹೆಜ್ಜೆಯನ್ನು ಕಾಲಿನಿಂದಲೇ ಇಡಬೇಕೆಂಬ ಕಟ್ಟುಪಾಡು ನಮ್ಮ ಮನೆಗಳಲ್ಲಿಲ್ಲ. ಗೋಕುಲಾಷ್ಟಮಿಯ ಸಂಜೆ ಅಕ್ಕಿಹಿಟ್ಟನ್ನು ನೀರಲ್ಲಿ ಕದಡಿ, ಮುಷ್ಟಿಯ ಕಿರುಬೆರಳ ಕಡೆಯ ಅಂಚನ್ನು ಅದರಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಪುಟ್ಟದೊಂದು ಅಂಗಾಲು ಮೂಡುತ್ತದೆ. ಅದರ ನೆತ್ತಿಗೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಕಾಲ್ಬೆರಳುಗಳು. ಬಲಮುಷ್ಟಿಯದೊಂದು, ಎಡಮುಷ್ಟಿಯದೊಂದು, ಹೀಗೆ ಹೊಸ್ತಿಲಿನಿಂದ ದೇವರ ಗೂಡಿನವರೆಗೆ ಸಾಲು. ಹಿಟ್ಟು ಒಣಗಿ ಬೆಳ್ಳಗಾಗುತ್ತಲೇ ಮನೆಯ ಮಕ್ಕಳು ಅದನ್ನು ನೋಡಿ ಕೃಷ್ಣ ಒಳಗೆ ಬಂದ ಎನ್ನುತ್ತಾರೆ.

ಕಳೆದ ಅಷ್ಟಮಿಗೆ ನಮ್ಮಲ್ಲಿ ಆ ಸಾಲು ಬಿಡಿಸಿದವಳು ಅಣ್ಣನ ಮಗಳು. ಕೊನೆಯ ಚುಕ್ಕಿ ಇಟ್ಟು, ಸೊಂಟ ನೇರ ಮಾಡಿಕೊಂಡು ಎದ್ದವಳು ಮಣಿಕಟ್ಟು ತಿರುಗಿಸಿ ನೋಡಿದಳು.

“ಅತ್ತೆ, ಇಲ್ನೋಡಿ. ಕುಕ್ಕರುಗಾಲಲ್ಲಿ ಕೂತಲ್ಲೇ ಐವತ್ತಕ್ಕಿಂತ ಜಾಸ್ತಿ ಹೆಜ್ಜೆ ಸೇರಿಸಿಬಿಟ್ಟಿದೆ ನನ್ನ ವಾಚು.”

“ಹೆಜ್ಜೆ ಬಿಡಿಸಿದ್ದು ನಿಜ ತಾನೆ?” ಎಂದೆ.

“ನಿಜ. ಆದರೆ ನಾನು ನಡೆದಿಲ್ಲವಲ್ಲ. ದಿನಾ ಆಫೀಸಿನಲ್ಲಿ ಗುದ್ದಾಡುವುದು ಇದರ ಜೊತೆಗೇ.”

ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟುವ ಚಲನಮಾಪಕಗಳು ದಾಖಲಿಸಿದ ಅಂಕಿಗಳನ್ನು, ಸಂಶೋಧಕರು ಅವುಗಳಿಂದ ಏನನ್ನಾದರೂ ಹೇಳುವ ಮೊದಲು, ಹಸನು ಮಾಡಿಕೊಡುವುದು ಅವಳ ಕೆಲಸ. ಹಸನು ಅನ್ನುವ ಮಾತು ನನ್ನದು. ಅವಳ ಕಚೇರಿಯಲ್ಲಿ ಅದನ್ನು ಡೇಟಾ ಕ್ಲೀನಿಂಗ್, ಕ್ವಾಲಿಟಿ ಕಂಟ್ರೋಲ್ ಎನ್ನುತ್ತಾರೆ. ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು, ಕಸ, ಜೊಳ್ಳು ಬೇರೆ ಮಾಡುವವರನ್ನು ಕಂಡ ನನಗೆ ಹಸನು ಎಂಬುದೇ ಸರಿಯಾದ ಮಾತು ಅನ್ನಿಸುತ್ತದೆ. ಆದರೆ ಆ ಸಂಜೆ ನನ್ನನ್ನು ಹಿಡಿದು ಕೂರಿಸಿದ್ದು ಆ ಮಾತಲ್ಲ, ನಾವಿಬ್ಬರೂ ಬಾಯ್ತುಂಬ ಆಡಿದ ಹೆಜ್ಜೆ. ಅವಳ ತೊಡಕಿನ ಮೂಲ ಈ ಮಾತಿನ ಒಳಗೇ ಇದೆ ಎಂದು ನನಗೆ ಅನ್ನಿಸಿತು. ಆಮೇಲೆ ಅವಳ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ಅದು ಗಟ್ಟಿಯಾಯಿತು.

ಹೆಜ್ಜೆ ಈಗ ನೂರಕ್ಕೆ ನೂರು ಕನ್ನಡದ ಮಾತು. ಹುಟ್ಟಿದ್ದು ಮಾತ್ರ ಬೇರೆ ಕಡೆ. ಸಂಸ್ಕೃತದಲ್ಲಿ ಪದ್ಯಾ ಎಂಬ ಸ್ತ್ರೀಲಿಂಗದ ಶಬ್ದವಿದೆ. ಹೆಜ್ಜೆ, ಕಾಲುದಾರಿ ಎಂದು ಅದರ ಅರ್ಥ. ಪ್ರಾಕೃತದ ನಾಲಿಗೆಯಲ್ಲಿ ‘ದ್ಯ’ ಹೋಗಿ ‘ಜ್ಜ’ ಆಗುತ್ತದೆ. ವಿದ್ಯೆ ಬಿಜ್ಜೆಯಾದದ್ದು, ಉದ್ಯೋಗ ಉಜ್ಜುಗವಾದದ್ದು ಈ ದಾರಿಯಲ್ಲೇ. ಪದ್ಯಾ ಕೂಡ ಹಾಗೆಯೇ ಸವೆದು ಹಳಗನ್ನಡದಲ್ಲಿ ಪಜ್ಜೆಯಾಗಿ ನಿಂತಿತು. ಆಮೇಲೆ ಕನ್ನಡದ ಮೊದಲಕ್ಷರದ ಪಕಾರಗಳು ಒಂದೊಂದಾಗಿ ಹಕಾರವಾಗುವ ಕಾಲ ಬಂತು. ಪಾಲು ಹಾಲಾಯಿತು, ಪೆಸರು ಹೆಸರಾಯಿತು, ಪಕ್ಷಿಯಿಂದ ಬಂದಿದ್ದ ಪಕ್ಕಿ ಹಕ್ಕಿಯಾಯಿತು. ಪಜ್ಜೆ ಹಜ್ಜೆಯಾಗಿ, ಮುಂದಿನ ಜಕಾರದ ಸೆಳೆತಕ್ಕೆ ಸ್ವರ ಬಾಗಿ ಹೆಜ್ಜೆಯಾಯಿತು. ಹಕ್ಕಿಯನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಹೆಜ್ಜೆಯೂ ಹಾಗೆಯೇ, ಒಳಗೆ ಬಂದು ಮನೆಯವಳಾಯಿತು.

ಈ ಬಳಗ ದೊಡ್ಡದು. ನಾವು ಓದುವ ಪದ್ಯ ಹೆಜ್ಜೆಯ ಒಡಹುಟ್ಟು. ಎರಡಕ್ಕೂ ಬೇರು ‘ಪದ್’, ಅಂದರೆ ಕಾಲು. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ಕಾಲುಭಾಗವಾದ್ದರಿಂದ ಪಾದವೆಂದರೆ ನಾಲ್ಕರಲ್ಲೊಂದು ಎಂದೂ ಆಯಿತು. ಸೇರಿನ ಕಾಲುಭಾಗ ಪಾವು, ರೂಪಾಯಿಯ ಕಾಲುಭಾಗ ಪಾವಲಿ ಆ ಸಂತಾನ. ಬೆಳಗಾವಿ ಕಡೆಯ ಕೆಲವು ಮನೆಗಳಲ್ಲಿ ಊಟವಾದ ಮೇಲೆ ಹಾಕುವ ನೂರು ಹೆಜ್ಜೆಗೆ ಮರಾಠಿಯಿಂದ ಬಂದ ಶತಪಾವಲಿ ಎಂಬ ಹೆಸರಿದೆ. ಅಲ್ಲಿಯೂ ಇರುವುದು ಈ ಕಾಲೇ. ಪಾರಸಿಯ ಕಡೆಯಿಂದ ಪೈಜಾಮ ಬಂತು, ಕಾಲಿನ ಉಡುಪು ಎಂದು. ಯುರೋಪಿನ ಕಡೆಯಿಂದ ಸೈಕಲ್ಲಿನ ಪೆಡಲ್ ಬಂತು. ಅಣ್ಣನ ಮಗಳ ವಾಚಿಗೆ ಅಜ್ಜನಾಗಬೇಕಾದ ಪೆಡೋಮೀಟರ್ ಬಂತು. ಪೆಡೋಮೀಟರಿನ ‘ಪೆಡ್’ ಲ್ಯಾಟಿನ್ನಿನದು, ಹೆಜ್ಜೆಯ ‘ಪದ್’ ಸಂಸ್ಕೃತದ್ದು. ಸಾವಿರಾರು ವರ್ಷಗಳ ಹಿಂದೆ ಒಂದೇ ಕಾಲಾಗಿದ್ದು, ಬೇರೆ ಬೇರೆ ದಾರಿ ಹಿಡಿದು, ಈಗ ಒಂದು ಮಣಿಕಟ್ಟಿನ ಮೇಲೆ ಮತ್ತೆ ಸೇರಿವೆ. ನಮ್ಮದೇ ದ್ರಾವಿಡದ ಅಡಿ ಇವರಿಗೆಲ್ಲ ನೆರೆಮನೆಯವರಂತೆ ಪಕ್ಕದಲ್ಲೇ ಉಳಿದಿದೆ. ಅಡಿಯಿಡು, ಅಡಿಗಡಿಗೆ, ಮುಂದಡಿ. ಮನೆ ಕಟ್ಟುವಾಗ ಹಾಕುವ ಅಡಿಪಾಯದಲ್ಲಂತೂ ಎರಡೂ ಮನೆತನದ ಕಾಲುಗಳು ಜೋಡಿಯಾಗಿ ನಿಂತಿವೆ.

ಇಷ್ಟೆಲ್ಲ ನಂಟರ ನಡುವೆ ಹೆಜ್ಜೆಗೆ ಮಾತ್ರ ಒಂದು ಗುಣ ಉಳಿದುಬಂದಿದೆ. ಹೆಜ್ಜೆ ಇಡುತ್ತೇವೆ, ಅದು ಕಾಲಿನ ಕೆಲಸ. ಹೆಜ್ಜೆ ಮೂಡುತ್ತದೆ, ಅದು ನೆಲದ ಮೇಲಿನ ಗುರುತು. ಮಗು ಹೆಜ್ಜೆ ಇಟ್ಟಿತು ಎಂದರೆ ಕ್ರಿಯೆ, ಹಿತ್ತಲಲ್ಲಿ ಯಾರದೋ ಹೆಜ್ಜೆಯಿದೆ ಎಂದರೆ ಆ ಕ್ರಿಯೆಯನ್ನು ಮಾಡಿದವರು ಹೋದ ಮೇಲೆ ಉಳಿದದ್ದು. ಕುಣಿತದವರು ಹೆಜ್ಜೆ ಹಾಕುತ್ತಾರೆ, ಬೇಟೆಗಾರರು ಹೆಜ್ಜೆ ಹಿಡಿದು ಹೋಗುತ್ತಾರೆ. ಯಕ್ಷಗಾನದಲ್ಲಿ ಹೆಜ್ಜೆಗಾರಿಕೆ ಎಂದರೆ ಕಾಲಿನ ಕುಶಲತೆ. ಕಾಡಿನಂಚಿನ ಊರಿನಲ್ಲಿ “ಕೆರೆ ಹತ್ರ ಹೆಜ್ಜೆ ಬಿದ್ದಿದೆ” ಎಂದರೆ ಆ ರಾತ್ರಿ ದನ ಒಳಗೆ ಕಟ್ಟಬೇಕು ಎಂದು. ಎರಡು ಅರ್ಥವನ್ನೂ ಕಿಟ್ಟೆಲರು ತಮ್ಮ 1894ರ ನಿಘಂಟಿನಲ್ಲಿ ಒಂದೇ ಮಾತಿನ ಕೆಳಗೆ ಕೂಡಿಸಿದ್ದಾರೆ. ಅದು ಸರಿ. ನಾವು ಆಡುವಾಗ ಇವೆರಡನ್ನೂ ಎಂದೂ ಬೇರೆ ಮಾಡಿಕೊಂಡಿಲ್ಲ, ಪಕ್ಕದಲ್ಲಿರುವ ಕ್ರಿಯಾಪದವೇ ಆ ಕೆಲಸ ಮಾಡಿಕೊಡುತ್ತದೆ.

ಈ ಎರಡು ಮುಖ ಬಹಳ ಹಳೆಯದು. ವೇದದ ಕಾಲದಲ್ಲಿ ‘ಪದ’ ಎಂದರೆ ಕಾಲು ಊರಿದ ಗುರುತೇ. ಸೋಮಯಾಗದಲ್ಲಿ ಸೋಮಕ್ಕೆ ಬೆಲೆಯಾಗಿ ಕೊಡುವ ಹಸುವನ್ನು ನಡೆಸಿ, ಅದರ ಏಳನೆಯ ಹೆಜ್ಜೆಯ ಗುರುತಿನಲ್ಲಿ ಆಹುತಿ ಕೊಟ್ಟು, ಆ ಮಣ್ಣನ್ನು ಜೋಪಾನವಾಗಿ ಬಾಚಿಕೊಳ್ಳುವ ವಿಧಿಯಿದೆ. ನಡೆದದ್ದು ಹಸು, ಕೈಗೆ ಸಿಗುವುದು ಗುರುತಿನ ಮಣ್ಣು. ಮಾತನ್ನೂ ಪದ ಎಂದು ಕರೆದದ್ದು ಆಮೇಲೆ. ಹಾಗಾಗಿ ಪದದ ಬೆನ್ನು ಹತ್ತುವವರೂ ಹೆಜ್ಜೆ ಹಿಡಿದು ಹೋಗುವವರೇ.

ಮೂಡಿದ ಹೆಜ್ಜೆಯನ್ನು ಇಟ್ಟ ಹೆಜ್ಜೆಯೆಂದು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಡುಗಳಲ್ಲೇ ದೊಡ್ಡ ಪಾಠ ನಡೆದಿದೆ. ಭಾರತದಲ್ಲಿ 1970ರ ದಶಕದಿಂದ ಮೂರು ದಶಕಗಳ ಕಾಲ ಹುಲಿಗಣತಿ ನಡೆದದ್ದು ಹೆಜ್ಜೆ ಗುರುತಿನ ಮೇಲೆ. ಅರಣ್ಯ ಸಿಬ್ಬಂದಿ ಕಾಡಿನ ದಾರಿಗಳಲ್ಲಿ, ಹಳ್ಳದ ಮರಳಿನಲ್ಲಿ ಹುಡುಕಿ, ಗುರುತಿನ ಮೇಲೆ ಗಾಜಿನ ಹಲಗೆ ಹಿಡಿದು ಅಂಚನ್ನು ಗೆರೆ ಎಳೆದು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಕೆಲವೆಡೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ, ಹೆಜ್ಜೆಗಳನ್ನು ವಿಂಗಡಿಸಿದರೆ ಹುಲಿಗಳನ್ನು ಎಣಿಸಿದಂತೆ ಎಂಬುದು ನಂಬಿಕೆ. ಆ ಕೆಲಸ ಮಾಡಿದವರ ಬೆವರು, ಧೈರ್ಯ ಸುಳ್ಳಲ್ಲ. ಆದರೆ ಒಂದೇ ಹುಲಿ ಒಣ ಮಣ್ಣಿನಲ್ಲಿ ಒಂದು ಹೆಜ್ಜೆ, ಕೆಸರಿನಲ್ಲಿ ಇನ್ನೊಂದು, ಓಡುವಾಗ ಮತ್ತೊಂದು ಮೂಡಿಸುತ್ತದೆ. ಗೆರೆ ಎಳೆಯುವ ಕೈ ಬದಲಾದರೆ ಆಕಾರವೂ ಬದಲಾಗುತ್ತದೆ. ನಾಗರಹೊಳೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕೆ. ಉಲ್ಲಾಸ ಕಾರಂತರು ಈ ಪದ್ಧತಿಯ ತಳಹದಿಯನ್ನೇ ಪ್ರಶ್ನಿಸಿದರು. 1990ರ ದಶಕದಲ್ಲಿ ಅವರು ಅಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದೇ ಹುಲಿಯನ್ನು ಗುರುತಿಸುವ, ಕಣ್ಣಿಗೆ ಬೀಳದವುಗಳ ಪಾಲನ್ನು ಸಂಖ್ಯಾಶಾಸ್ತ್ರದಿಂದ ಅಂದಾಜು ಮಾಡುವ ದಾರಿ ಹಾಕಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು ಗೊತ್ತಾದಾಗ ದೇಶಕ್ಕೆ ದೇಶವೇ ಬೆಚ್ಚಿತು. ಗಣತಿಯ ಪುಸ್ತಕದಲ್ಲಿ ಹುಲಿಗಳಿದ್ದವು. ಮುಂದಿನ ವರ್ಷದಿಂದ ದೇಶದ ಹುಲಿ ಅಂದಾಜು ಹೆಜ್ಜೆ ಗುರುತಿನ ಎಣಿಕೆಯನ್ನು ಬಿಟ್ಟುಕೊಟ್ಟಿತು.

ಇಟ್ಟ ಹೆಜ್ಜೆಯನ್ನು ನೇರವಾಗಿ ಎಣಿಸಿದವರೂ ಇದ್ದರು. ನಮ್ಮ ಮೈಲಿಯ ಹೊಟ್ಟೆಯಲ್ಲೇ ಅಂಥ ಎಣಿಕೆ ಅಡಗಿದೆ. ರೋಮನ್ನರ ‘ಮಿಲ್ಲೆ ಪಾಸುಸ್’ ಎಂದರೆ ಸಾವಿರ ಹೆಜ್ಜೆ. ಅವರ ಲೆಕ್ಕದ ಹೆಜ್ಜೆ ನಮ್ಮ ಎರಡಕ್ಕೆ ಸಮ, ಒಂದೇ ಕಾಲು ಎರಡನೆಯ ಸಲ ನೆಲ ಮುಟ್ಟುವವರೆಗಿನ ದೂರ. ನಮ್ಮ ನೆಲದಲ್ಲಿ ಈ ಎಣಿಕೆಯನ್ನು ತಪಸ್ಸಿನ ಮಟ್ಟಕ್ಕೆ ಒಯ್ದವರು ಕುಮಾವೂಂ ಸೀಮೆಯ ಮಿಲಂ ಹಳ್ಳಿಯ ನೈನ್ ಸಿಂಗ್ ರಾವತ್. ಟಿಬೆಟ್ಟಿಗೆ ಪರಕೀಯ ಸರ್ವೇಯವರು ಕಾಲಿಡುವಂತಿರಲಿಲ್ಲ. ಹಾಗಾಗಿ ಬ್ರಿಟಿಷ್ ಸರ್ವೇಯ ಕ್ಯಾಪ್ಟನ್ ಮಾಂಟ್ಗೊಮರಿ ಡೆಹ್ರಾಡೂನಿನಲ್ಲಿ ನೈನ್ ಸಿಂಗರನ್ನು ತಯಾರು ಮಾಡಿದರು. ಏರಿರಲಿ, ಇಳಿಜಾರಿರಲಿ, ಹೆಜ್ಜೆಯ ಉದ್ದ ಒಂದೇ ಇರಬೇಕು. ಕೈಯಲ್ಲಿ ಜಪಮಾಲೆ, ಅದರಲ್ಲಿ ಇರಬೇಕಾದ 108 ಮಣಿಗಳ ಬದಲು 100. ಪ್ರತಿ ನೂರನೆಯ ಹೆಜ್ಜೆಗೆ ಒಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಬರುವಷ್ಟರಲ್ಲಿ 10,000 ಹೆಜ್ಜೆ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಸುರುಳಿಯ ಜಾಗದಲ್ಲಿ ಟಿಪ್ಪಣಿಯ ಕಾಗದ. 1866ರ ಜನವರಿಯಲ್ಲಿ ಅವರು ಲ್ಹಾಸಾ ಮುಟ್ಟಿದರು. ಆ ಪ್ರಯಾಣದಲ್ಲಿ ಅಳೆದದ್ದು ಸುಮಾರು 1,200 ಮೈಲಿ.

ಈ ಕಥೆಯಲ್ಲಿ ನನಗೆ ತುಂಬ ಮುಖ್ಯವಾಗಿ ಕಾಣುವ ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ನೈನ್ ಸಿಂಗರ ಹೆಜ್ಜೆಯ ಲೆಕ್ಕವನ್ನು ಸರ್ವೇಯವರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ದಾರಿಯಲ್ಲಿ ಅವರು ಸೆಕ್ಸ್‌ಟಂಟ್ ಹಿಡಿದು ಸೂರ್ಯನನ್ನೂ ನಕ್ಷತ್ರಗಳನ್ನೂ ನೋಡಿ ಅಕ್ಷಾಂಶ ಗುರುತಿಸಿಕೊಂಡಿದ್ದರು. ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಎಂದು ನೋಡಿ ಎತ್ತರ ಕಂಡುಕೊಂಡಿದ್ದರು. ನೆಲದ ಮೇಲಿನ ಎಣಿಕೆಯನ್ನು ಆಕಾಶದ ಜೊತೆ ತಾಳೆ ನೋಡಿ, ತಾಳೆಯಾದ ಮೇಲಷ್ಟೆ ನಕ್ಷೆಗೆ ಇಳಿಸಿದರು. ನಂಬಿಗಸ್ತ ಮನುಷ್ಯ, ಪಳಗಿದ ಕಾಲು, ಆದರೂ ತಾಳೆ ಬೇಕಾಯಿತು.

ಅದೇ ಹತ್ತು ಸಾವಿರ ನೂರು ವರ್ಷಗಳ ನಂತರ ಜಪಾನಿನಲ್ಲಿ ಮತ್ತೆ ತಲೆ ಎತ್ತಿತು, ಯಾವ ಸಂಬಂಧವೂ ಇಲ್ಲದೆ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಗಿಸುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದಿತು. ಹೆಸರು ಮಾನ್ಪೊಕೇ. ‘ಮಾನ್’ ಎಂದರೆ ಹತ್ತು ಸಾವಿರ, ‘ಪೊ’ ಎಂದರೆ ಹೆಜ್ಜೆ, ‘ಕೇ’ ಎಂದರೆ ಮಾಪಕ. ದಿನಕ್ಕೆ ಹತ್ತು ಸಾವಿರ ಎಂಬ ಗುರಿ ಜಗತ್ತಿಗೆ ಹಬ್ಬಿದ್ದು ಆ ಹೆಸರಿನಿಂದ. ವೈದ್ಯವಿಜ್ಞಾನ ಅದನ್ನು ಪರೀಕ್ಷಿಸಿದ್ದು ಎಷ್ಟೋ ಕಾಲದ ನಂತರ. ಅಮೆರಿಕದಲ್ಲಿ 16,741 ಹಿರಿಯ ಮಹಿಳೆಯರನ್ನು ನೋಡಿದ ಐ-ಮಿನ್ ಲೀ ಮತ್ತು ಸಂಗಡಿಗರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700ರ ಆಸುಪಾಸಿನವರಿಗಿಂತ, ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು; 7,500ರ ಸುಮಾರಿಗೆ ಆ ಲಾಭ ಮಟ್ಟಸವಾಯಿತು. ‘ಪೊ’ ಬರೆಯುವ ಚೀನೀ ಅಕ್ಷರದ ಅತಿ ಹಳೆಯ ರೂಪವನ್ನು ನೋಡಿದರೆ ನಮ್ಮ ಅಷ್ಟಮಿಯ ಸಾಲು ನೆನಪಾಗುತ್ತದೆ. ಒಂದರ ಹಿಂದೆ ಒಂದು, ಎಡದ್ದು ಬಲದ್ದು, ಎರಡು ಪಾದಗಳ ಗುರುತು. ನಡೆಯುವುದನ್ನು ಬರೆಯಬೇಕಾದವರು ಅಲ್ಲಿಯೂ ಮೂಡಿದ ಹೆಜ್ಜೆಯನ್ನೇ ಬರೆದರು.

ಜಪಾನಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ಹೆಜ್ಜೆಮಾಪಕ ನೂರಕ್ಕೆ ಮೂರಕ್ಕಿಂತ ಹೆಚ್ಚು ತಪ್ಪಬಾರದು ಎಂದು ತಮ್ಮ ಕೈಗಾರಿಕಾ ಮಾನಕದಲ್ಲಿ ಗೆರೆ ಎಳೆದರು. ನೂರು ಹೆಜ್ಜೆ ಬಾಯಲ್ಲಿ ಎಣಿಸುತ್ತಾ ನಡೆದು, ಆಮೇಲೆ ಮಾಪಕ ನೋಡುವ ಪರೀಕ್ಷೆ ಇಂದಿಗೂ ಅತ್ಯಂತ ಸರಳ, ಅತ್ಯಂತ ಪ್ರಾಮಾಣಿಕ. ಇದಕ್ಕೆ ಪ್ರಯೋಗಶಾಲೆ ಬೇಡ, ಓಣಿಯ ರಸ್ತೆ ಸಾಕು.

ಈಗಿನ ಮಾಪಕದ ಒಳಗಿರುವುದು ಆಕ್ಸೆಲೆರೋಮೀಟರ್. ಸಿಲಿಕಾನಿನ ಕಣದಂಥ ತೂಕವೊಂದು ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳ ನಡುವೆ ತೂಗಾಡುತ್ತಿರುತ್ತದೆ; ಅದು ಎತ್ತ ಎಷ್ಟು ಸರಿಯಿತು ಎಂಬುದನ್ನು ವಿದ್ಯುತ್ ಸಂಕೇತವಾಗಿ ಓದುತ್ತಾರೆ. ಮೂರು ದಿಕ್ಕು, ಸೆಕೆಂಡಿಗೆ ನೂರು ಸಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಅಧ್ಯಯನ 2013ರಿಂದ 2015ರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಇಂಥ ಮಾಪಕವನ್ನು ಏಳು ದಿನ ಕಟ್ಟಿತು. ಒಬ್ಬರ ಒಂದು ವಾರಕ್ಕೆ, ಒಂದು ದಿಕ್ಕಿಗೇ, 6 ಕೋಟಿ 4 ಲಕ್ಷ 80 ಸಾವಿರ ಅಳತೆಗಳು. ಈ ರಾಶಿಯಲ್ಲಿ ಎಲ್ಲಿಯೂ ಹೆಜ್ಜೆ ಇಲ್ಲ. ಇರುವುದು ಕುಲುಕಾಟ. ಇಂಥ ಕುಲುಕಾಟ ಹೆಜ್ಜೆಯಾಗಿದ್ದಿರಬೇಕು ಎಂದು ಆಮೇಲೆ ಒಂದು ಲೆಕ್ಕಾಚಾರ ತೀರ್ಮಾನಿಸುತ್ತದೆ. ಮಣಿಕಟ್ಟಿನ ಮಾಪಕಕ್ಕೆ ಕಾಲು ಕಾಣುವುದೇ ಇಲ್ಲ. ಬಸ್ಸಿನ ಕಂಬಿ ಹಿಡಿದು ನಿಂತವರ ಕೈ ಕುಲುಕಿದರೆ, ಚಪಾತಿ ಲಟ್ಟಿಸಿದರೆ, ಮಜ್ಜಿಗೆ ಕಡೆದರೆ ಹೆಜ್ಜೆ ಮೂಡಬಹುದು. ತಳ್ಳುಗಾಡಿಯ ಹಿಡಿಗೆ ಕೈ ಊರಿ ಊರೆಲ್ಲ ಸುತ್ತಿದ ತರಕಾರಿಯವರ ಹೆಜ್ಜೆ ಮೂಡದೆ ಹೋಗಬಹುದು. ಸೊಂಟಕ್ಕೆ ಕಟ್ಟುವ ಹಳೆಯ ಮಾಪಕಗಳು ಕಾಲೆಳೆದು ನಿಧಾನವಾಗಿ ನಡೆಯುವ ವೃದ್ಧರ ಹೆಜ್ಜೆಗಳನ್ನು ಕಳೆದುಕೊಳ್ಳುತ್ತಿದ್ದವು. ನಡಿಗೆಯ ಲೆಕ್ಕ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರದೇ ತಪ್ಪಿಹೋಗುತ್ತಿತ್ತು.

ಹಾಗಾಗಿ ಹಸನು ಮಾಡುವವರ ಮೊದಲ ಕೆಲಸ ಮಾಪಕ ನಿಜ ಹೇಳುತ್ತಿದೆಯೇ ಎಂದು ನೋಡುವುದು. ಇದಕ್ಕೆ ಅವರು ಹಿಡಿಯುವ ದಾರಿ ನನಗೆ ಬಹಳ ಇಷ್ಟವಾಯಿತು. ಮಾಪಕ ಅಲುಗಾಡದೆ ಬಿದ್ದಿರುವ ಗಳಿಗೆಗಳನ್ನು ಇಡೀ ವಾರದಿಂದ ಹುಡುಕಿ ತೆಗೆಯುತ್ತಾರೆ. ಮನುಷ್ಯ ಮಲಗಿ ಕೈ ಸ್ಥಿರವಾಗಿರುವಾಗ ಮಾಪಕದ ಮೇಲಿರುವುದು ಭೂಮಿಯ ಸೆಳೆತ ಒಂದೇ. ಅದು ಎತ್ತ ವಾಲಿ ಬಿದ್ದಿದ್ದರೂ ಮೂರೂ ದಿಕ್ಕಿನ ಅಳತೆ ಕೂಡಿ ಒಂದು ಗುರುತ್ವಕ್ಕೆ ಸರಿಯಾಗಬೇಕು. ಆಗದಿದ್ದರೆ ಎಷ್ಟು ಹೆಚ್ಚುಕಡಿಮೆ ಇದೆಯೋ ಅಷ್ಟನ್ನು ಸರಿಪಡಿಸುತ್ತಾರೆ. ನೈನ್ ಸಿಂಗರಿಗೆ ನಕ್ಷತ್ರಗಳಿದ್ದವು, ಇವರಿಗೆ ಭೂಮಿಯೇ ಇದೆ.

ಎರಡನೆಯ ಕೆಲಸ ಇದಕ್ಕಿಂತ ಕಷ್ಟದ್ದು. ಅಂಕಿಯ ಸಾಲಿನಲ್ಲಿ ಒಂದು ಗಂಟೆ ಸೊನ್ನೆ ಬಂದಿದೆ. ಆ ಮನುಷ್ಯ ಕೂತಿದ್ದನೋ, ಮಾಪಕ ಬಿಚ್ಚಿಟ್ಟಿದ್ದನೋ? ಇಲ್ಲಿ ಕನ್ನಡದ ಎರಡು ಮಾತುಗಳು ಕೈಹಿಡಿಯುತ್ತವೆ. ಶೂನ್ಯದಿಂದ ಬಂದ ಸೊನ್ನೆ ಒಂದು ಅಂಕಿ, ಅದಕ್ಕೆ ಬೆಲೆಯಿದೆ. ಅರಬ್ಬಿಯಿಂದ ಬಂದ ಖಾಲಿ ಎಂದರೆ ಏನೂ ಇಲ್ಲದಿರುವುದು. ಕೂತವರದು ಸೊನ್ನೆ, ಬಿಚ್ಚಿಟ್ಟವರದು ಖಾಲಿ. ಮಾಪಕ ಎರಡಕ್ಕೂ ಒಂದೇ ಗುರುತು ಬರೆಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2003–04ರ ಅಂಕಿಗಳನ್ನು ಟ್ರೋಯಾನೋ ಮತ್ತು ಸಂಗಡಿಗರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಅವರ ನಿಯಮದಂತೆ ಸತತ 60 ನಿಮಿಷ ಸೊನ್ನೆಯಿದ್ದರೆ, ನಡುವೆ ಒಂದೆರಡು ನಿಮಿಷದ ಸಣ್ಣ ಅಲುಗಾಟ ಬಿಟ್ಟು, ಅದನ್ನು ಧರಿಸಿಲ್ಲವೆಂದೇ ಎಣಿಸಬೇಕು; ದಿನಕ್ಕೆ ಕನಿಷ್ಠ 10 ಗಂಟೆ ಧರಿಸಿದ್ದರೆ ಮಾತ್ರ ಆ ದಿನ ಲೆಕ್ಕಕ್ಕೆ. ಆಮೇಲೆ ಬಂದ ಚೋಯ್ ಮತ್ತು ಸಂಗಡಿಗರು ಆ 60 ಸಾಲದು, 90 ಬೇಕು ಎಂದರು, ಏಕೆಂದರೆ ಸುಮ್ಮನೆ ಕೂತವರನ್ನೂ 60 ನಿಮಿಷದ ನಿಯಮ ಹೊರಗೆ ತಳ್ಳುತ್ತಿತ್ತು. ನಿಯಮ ಬದಲಾದರೆ ಅದೇ ಜನ, ಅದೇ ವಾರ, ಬೇರೆ ಉತ್ತರ. ಹಳೆಯ ಮಾಪಕಗಳಲ್ಲಿ ನಿಮಿಷದ ಎಣಿಕೆ 32,767ಕ್ಕೆ ಮುಟ್ಟಿ ನಿಂತ ಸಾಲುಗಳೂ ಸಿಗುತ್ತಿದ್ದವು. ಅದು ಯಾರ ಓಟವೂ ಅಲ್ಲ, ಅಂಕಿ ಹಿಡಿಯುವ ಪಾತ್ರೆಯ ಕಂಠ ಅಷ್ಟೇ. ಅಂಥದ್ದನ್ನು ಗುರುತಿಸುವುದು ಸುಲಭ. ಕಲ್ಲು ಕಣ್ಣಿಗೆ ಬೀಳುತ್ತದೆ, ಕಾಳಿನಂತೆಯೇ ಕಾಣುವ ಜೊಳ್ಳು ಬೀಳುವುದಿಲ್ಲ.

ಖಾಲಿಯನ್ನು ಏನು ಮಾಡಬೇಕು ಎಂಬುದು ಮೂರನೆಯ ಪ್ರಶ್ನೆ. ಯುಕೆ ಬಯೋಬ್ಯಾಂಕಿನ ಅಂಕಿಗಳಲ್ಲಿ ಖಾಲಿ ಬಿಟ್ಟ ಹೊತ್ತನ್ನು ಅದೇ ವ್ಯಕ್ತಿಯ ಬೇರೆ ದಿನಗಳ ಅದೇ ಹೊತ್ತಿನ ಸರಾಸರಿಯಿಂದ ತುಂಬಿದರು. ದಿನಗಳು ಒಂದರಂತೆ ಒಂದು ಇರುವವರಿಗೆ ಇದು ಒಪ್ಪುವ ಉಪಾಯ. ಎಲ್ಲರ ದಿನಗಳೂ ಹಾಗಿರುವುದಿಲ್ಲ.

ಹಾಗಿರದ ಒಬ್ಬರ ಕಡತವನ್ನು ಅಣ್ಣನ ಮಗಳು ನನಗೆ ತೋರಿಸಿದಳು, ಹೆಸರು ಊರು ಮುಚ್ಚಿ. ಮಂಡ್ಯ ಸೀಮೆಯ ನಾಲೆ ಬಯಲಿನ ಹೆಂಗಸು, ವಯಸ್ಸು ಅರವತ್ತರ ಮೇಲೆ. ತೆರೆಯ ಮೇಲೆ ಒಂದು ದಿನವೆಂದರೆ ಎಡದಿಂದ ಬಲಕ್ಕೆ ಹರಿಯುವ ಒಂದು ಗೆರೆ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಗೆರೆ ಎದ್ದಿತು. ಕೊಟ್ಟಿಗೆ, ನೀರು, ಒಲೆ ಎಂದು ನಾನು ಊಹಿಸಿದೆ. ಎಂಟೂವರೆಗೆ ಒಂದು ದಟ್ಟವಾದ ನಡಿಗೆ. ಒಂಬತ್ತು ಗಂಟೆ ಐದು ನಿಮಿಷಕ್ಕೆ ಗೆರೆ ಸತ್ತಂತೆ ಮಲಗಿತು. ಮಧ್ಯಾಹ್ನ ಎರಡರವರೆಗೂ ಏಳಲಿಲ್ಲ. ಮತ್ತೆ ನಡಿಗೆ, ಮತ್ತೆ ಒಲೆ. ಮರುದಿನವೂ ಹೀಗೇ. ಅದರ ಮರುದಿನವೂ.

“ಐದು ಗಂಟೆ ಹೊತ್ತು ಮಲಗಿದ್ದರು ಅಂತ ಬರೆದರೆ ಮುಗಿಯಿತು, ಮನೆಯಲ್ಲೇ ಇರೋ ಅಜ್ಜಿ ಅಂತ ಆಗುತ್ತಾರೆ,” ಎಂದಳು. “ಧರಿಸಿಲ್ಲ ಅಂತ ತೆಗೆದುಹಾಕಿದರೆ ನಮ್ಮ ಅಧ್ಯಯನಕ್ಕೆ ದಿನಕ್ಕೆ ಬೇಕಾದಷ್ಟು ಗಂಟೆ ಆಗುವುದಿಲ್ಲ, ಅವರೇ ಅಧ್ಯಯನದಿಂದ ಹೊರಗೆ ಹೋಗುತ್ತಾರೆ. ಬೇರೆ ದಿನದ ಸರಾಸರಿ ತುಂಬೋಣ ಅಂದರೆ, ಆ ಹೊತ್ತಿನಲ್ಲಿ ಪಟ್ಟಿ ಕಟ್ಟಿಕೊಂಡಿದ್ದು ಒಂದು ಸೋಮವಾರ ಮಾತ್ರ. ಅವತ್ತು ಮನೆಯಲ್ಲೇ ಇದ್ದರು.”

“ಯಾವ ತಿಂಗಳು?” ಎಂದೆ.

“ಆಗಸ್ಟ್.”

ನಾಟಿಯ ಕಾಲ. ನನಗೆ ಹೊಳೆದದ್ದು ಅವಳಿಗೂ ಹೊಳೆದಿತ್ತು. ಆದರೆ ಹೊಳೆದದ್ದನ್ನು ಅಂಕಿಯ ಜಾಗದಲ್ಲಿ ಬರೆಯುವಂತಿಲ್ಲ. ಕ್ಷೇತ್ರಕ್ಕೆ ಹೋಗುವವರ ಜೊತೆ ಅವಳೇ ಹೊರಟಳು, ನಾನೂ ಹೊರಟೆ. ಕಾಡಿನಲ್ಲಿ ಹೆಜ್ಜೆ ಓದಬಲ್ಲವರು ಅಂಚು ಚೂಪಾಗಿದೆಯೇ ಉದುರಿದೆಯೇ ಎಂದು ನೋಡುತ್ತಾರೆ, ಮೇಲೆ ಇಬ್ಬನಿ ಕೂತಿದೆಯೇ ನೋಡುತ್ತಾರೆ, ಹೆಜ್ಜೆ ನಿಂತುಹೋದಲ್ಲಿ ನೆಲ ಕಲ್ಲಾಗಿದೆಯೇ ಎಂದು ತಡವುತ್ತಾರೆ. ಹೆಜ್ಜೆಯಿಲ್ಲ ಎಂದ ಮಾತ್ರಕ್ಕೆ ಪ್ರಾಣಿಯಿಲ್ಲ ಎನ್ನುವುದಿಲ್ಲ. ಅಂಕಿ ಹಸನು ಮಾಡುವವರಿಗೂ ಈ ಕಣ್ಣು ಬೇಕು. ಯಾವುದನ್ನು ಹೊರಗೆ ಹಾಕಿದೆವು ಎಂಬುದರ ಜೊತೆಗೆ ಯಾರನ್ನು ಹೊರಗೆ ಹಾಕಿದೆವು ಎಂದು ಅವರು ಕೇಳಿಕೊಳ್ಳಲೇಬೇಕು ಎಂದು ನನಗನ್ನಿಸುತ್ತದೆ. ಕೆಸರಿನಲ್ಲಿ ದುಡಿಯುವವರು, ಕಾಯಿಲೆ ಬಿದ್ದವರು, ಪಟ್ಟಿ ಕಟ್ಟಿಕೊಂಡರೆ ಕೆಲಸ ಮಾಡಲಾಗದವರು ಒಟ್ಟಾಗಿ ಉದುರಿಹೋದರೆ ಉಳಿದ ರಾಶಿ ಎಷ್ಟೇ ಶುಭ್ರವಾಗಿದ್ದರೂ ಅದು ನಾಡಿನ ನಡಿಗೆಯ ಲೆಕ್ಕವಾಗಲಾರದು.

ಗದ್ದೆಯಲ್ಲಿ ನಾಲ್ಕು ಜನ ಸಾಲಾಗಿ ಬಗ್ಗಿದ್ದರು. ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಅದರಿಂದ ಎರಡು ಮೂರು ಕಡ್ಡಿ ಬಿಡಿಸಿ, ಹೆಬ್ಬೆರಳಿಂದ ಕೆಸರಿಗೆ ಊರಿ, ನೀರಿನ ಮೇಲೆ ಏಳುವಷ್ಟರಲ್ಲಿ ಮುಂದಿನ ಕಡ್ಡಿ ಸಿದ್ಧ. ಒಂದು ಸಾಲು ಮುಗಿದರೆ ಹಿಂದಕ್ಕೆ ಒಂದು ಹೆಜ್ಜೆ. ನಾಟಿಯಲ್ಲಿ ಎಲ್ಲ ಹೆಜ್ಜೆಯೂ ಹಿಂದಕ್ಕೇ. ಮೊಣಕಾಲ ತನಕ ಹೂತ ಕಾಲನ್ನು ಕಿತ್ತ ಕೂಡಲೇ ಕೆಸರು ಆ ಗುಂಡಿಯನ್ನು ಮುಚ್ಚಿಕೊಳ್ಳುತ್ತದೆ, ಮೇಲೆ ನೀರು ತಿಳಿಯಾಗುತ್ತದೆ. ಇಟ್ಟ ಹೆಜ್ಜೆ ಎಷ್ಟೋ. ಮೂಡಿದ್ದು ಒಂದೂ ಇಲ್ಲ.

ಆ ಹಿರಿಯಾಕೆ ಬದುವಿಗೆ ಬಂದು ಕೂತರು. ಅಣ್ಣನ ಮಗಳು ಪಟ್ಟಿಯ ಮಾತೆತ್ತಿದಾಗ ಮುಚ್ಚುಮರೆ ಮಾಡಲಿಲ್ಲ.

“ಕೆಸ್ರಿಗಿಳಿಯೋವಾಗ ಬಿಚ್ಚಿ ಬುತ್ತಿ ಗಂಟಿಗೆ ಕಟ್ಟಿಡ್ತಿದ್ದೆ ಕಣವ್ವ. ನಿಮ್ಮ ಸಾಮಾನು ನೀರಾಗ್ ಕೆಟ್ಟೋದ್ರೆ ನಾನ್ ಎಲ್ಲಿಂದ ತಂದ್ಕೊಡ್ಲಿ?”

ನೀರಿಗೆ ಅದು ಕೆಡುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರಿಗೆ ತಲುಪಿರಲಿಲ್ಲ. ಅಣ್ಣನ ಮಗಳು ತನ್ನ ಪುಸ್ತಕದಲ್ಲಿ ಆ ಮೂರು ದಿನಗಳ ಎದುರಿಗೆ ಸೊನ್ನೆಯನ್ನೂ ಬರೆಯಲಿಲ್ಲ, ಅಡ್ಡಗೆರೆಯನ್ನೂ ಎಳೆಯಲಿಲ್ಲ. “ಒಂಬತ್ತರಿಂದ ಎರಡು, ನಾಟಿ, ಧರಿಸಿಲ್ಲ, ಕಾರಣ ನೀರಿನ ಭಯ” ಎಂದು ಬರೆದುಕೊಂಡಳು. ಆಮೇಲೆ ತನ್ನ ವಾಚನ್ನು ಬಿಚ್ಚಿ ಅವರ ಮಣಿಕಟ್ಟಿಗೆ ಕಟ್ಟಿ, ನೂರು ಹೆಜ್ಜೆ ಎಣಿಸಿಕೊಂಡು ನಡೆದು ತೋರಿಸುತ್ತೀರಾ ಎಂದು ಕೇಳಿದಳು.

“ಬರೀ ಕೈಲಿ ಯಾಕ್ ನಡೀಲಿ, ಹೆಂಗೂ ಸಸಿ ಆ ತಾಕಿಗೆ ಹೋಗ್ಬೇಕು,” ಎಂದು ಎದ್ದು, ಸಸಿಯ ಹೊರೆಯನ್ನು ತಲೆಗೇರಿಸಿಕೊಂಡರು. ವಾಚಿದ್ದ ಕೈ ಮೇಲೆತ್ತಿ ಹೊರೆಯನ್ನು ಹಿಡಿಯಿತು. ಬದುವಿನ ಮೇಲೆ ಬರಿಗಾಲು ಒಂದರ ಮುಂದೊಂದು ಬೀಳತೊಡಗಿತು. ಕಣದಲ್ಲಿ ಭತ್ತ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಈ ಹಿರಿಯಾಕೆ ಹೆಜ್ಜೆಗೂ ಹಾಗೆಯೇ ಶುರು ಮಾಡಿದರು.

“ಲಾಭ... ಎಲ್ಡು... ಮೂರು...”

ನಾನು ಹಿಂದೆಯೇ ಮನಸ್ಸಿನಲ್ಲಿ ಎಣಿಸುತ್ತಾ ನಡೆದೆ. ಅವರು ನೂರು ಎಂದಲ್ಲಿ ನನ್ನದೂ ನೂರಾಗಿತ್ತು. ಬದುವಿನ ಹಸಿಮಣ್ಣಿನಲ್ಲಿ ಹಿಮ್ಮಡಿ, ಬೆರಳು ಎಲ್ಲ ಸ್ಪಷ್ಟವಾಗಿ ಮೂಡಿದ್ದವು. ಹೊರೆ ಇಳಿಸಿ, ಕೈ ಮುಂದೆ ಚಾಚಿ, “ಎಷ್ಟ್ ತೋರುಸ್ತದೆ ನೋಡವ್ವ” ಎಂದರು.

ವಾಚಿನ ಮೇಲೆ 38 ಸೇರಿತ್ತು. ಅಣ್ಣನ ಮಗಳು ಪುಸ್ತಕ ತೆರೆದು ಎರಡನ್ನೂ ಅಕ್ಕಪಕ್ಕ ಬರೆದಳು.